ಕದಲಿಸದ ಪೂಜೆ

ಬಂಗಾರಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಪರಿಚಯದವರು ಸಿಕ್ಕರೆ ಕೇಳುವುದು ಒಂದೇ ಮಾತು. "ಏನಮ್ಮಾ, ನಿಮ್ ಫ್ಯಾಕ್ಟ್ರಿ ಮುಚ್ಚೋಯ್ತಂತೆ?" ಮರುಕದಿಂದಲೇ ಕೇಳುತ್ತಾರೆ. ಆದರೂ ನನಗೆ ಮೈಯೆಲ್ಲ ಉರಿಯುತ್ತದೆ. ಗಿರಾಕಿ ಇಲ್ಲದಿದ್ದರೆ ಅಂಗಡಿ ಮುಚ್ಚುತ್ತದೆ. ನೀರು ಬತ್ತಿದರೆ ಬೋರ್‌ವೆಲ್ ಮುಚ್ಚುತ್ತಾರೆ. ನಮ್ಮ ಕಾರ್ಖಾನೆ ಎಲ್ಲಿ ಮುಚ್ಚಿತು? ಅದು ಇವತ್ತಿಗೂ ನಡೆಯುತ್ತಿದೆ. ಅದೇ ಮಿಷನ್ನುಗಳು, ಅದೇ ಮೋಟಾರುಗಳು. ಸಮುದ್ರದಾಚೆ ವಿಯೆಟ್ನಾಂ ಎಂಬ ದೇಶದಲ್ಲಿ ಬೇರೆ ಯಾರೋ ಅದರ ಮುಂದೆ ಕೂತಿದ್ದಾರೆ, ನಾವು ಕೂತಿಲ್ಲ, ಅಷ್ಟೇ. "ಮುಚ್ಚಿಲ್ಲ, ಎತ್ಕೊಂಡೋದ್ರು" ಎಂದು ನಾನು ತಿದ್ದುತ್ತೇನೆ. ಕೇಳಿದವರು "ಎಲ್ಲಾ ಒಂದೇ ತಗಾ" ಎಂದು ಬಸ್ಸು ಹತ್ತುತ್ತಾರೆ. ಒಂದೇ ಅಲ್ಲ.

ನಾನು ಬೇತಮಂಗಲದ ಕಡೆಯ ಹಳ್ಳಿಯವಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಮದುವೆಯಾದ ಮೇಲೆ ಬಂಗಾರಪೇಟೆಯ ಹೊರಗಿದ್ದ ಆ ಕಾರ್ಖಾನೆಗೆ ಸೇರಿದೆ. ನೀರಿನ ಪಂಪುಗಳಿಗೆ ಹಾಕುವ ಚಿಕ್ಕ ಮೋಟಾರುಗಳು ಅಲ್ಲಿ ತಯಾರಾಗುತ್ತಿದ್ದವು. ಮೋಟಾರಿನ ಹೊಟ್ಟೆಯೊಳಗೆ ಕೂರುವ ತಾಮ್ರದ ತಂತಿ ಸುತ್ತುವುದು ನಮ್ಮ ಸಾಲಿನ ಹೆಂಗಸರ ಕೆಲಸ. ವೈಂಡಿಂಗ್ ಅನ್ನುತ್ತಿದ್ದರು, ಸುತ್ತಿದ ಸುರುಳಿಗೆ ಕಾಯಿಲ್. ಸುತ್ತುವುದು ಮಿಷನ್ನೇ, ಆದರೆ ತಂತಿ ಬಿಗಿದರೆ ಕಿತ್ತು ಬರುತ್ತದೆ, ಸಡಿಲಾದರೆ ಮೋಟಾರು ಸುಟ್ಟುಹೋಗುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ಹಿಡಿದೂ ಹಿಡಿಯದ ಹಾಗೆ ಬಿಡುತ್ತಿರಬೇಕು. ಅಷ್ಟನ್ನು ಕಲಿಯಲು ನನಗೆ ಒಂದೆರಡು ವರ್ಷವೇ ಬೇಕಾಯಿತು. ಮೊದಲು ಬೆರಳು ಕೊಯ್ದುಕೊಂಡು ಅಳುತ್ತಿದ್ದೆ, ಆಮೇಲೆ ಹೆಬ್ಬೆರಳ ತುದಿಯಲ್ಲಿ ಜಡ್ಡು ಕಟ್ಟಿತು. ಕೆಲಸ ಕೈ ಹತ್ತಿದ ಮೇಲೆ ಗುರುತಿನ ಕಾರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ‘ಸ್ಕಿಲ್ಡ್’ ಎಂದು ಹಾಕಿಕೊಟ್ಟರು. ಆ ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಬಸ್ಸಿನಲ್ಲಿ ಕೂರುವಾಗ ಸೆರಗಿನ ಮೇಲಕ್ಕೆ ಎಳೆದುಕೊಳ್ಳುತ್ತಿದ್ದೆ. ಜಂಬವೇ, ಇಲ್ಲವೆನ್ನುವುದಿಲ್ಲ. ನಮ್ಮ ವಂಶದ ಹೆಂಗಸರಲ್ಲಿ ಕಳೆ ಕೀಳುವುದು ಬಿಟ್ಟು ಇನ್ನೊಂದು ಕೆಲಸಕ್ಕೆ ಬಾ ಎಂದು ಯಾರನ್ನೂ ಯಾರೂ ಕರೆದಿರಲಿಲ್ಲ.

ನಮ್ಮಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಇಳಿದು ದುಡಿದವರು. ಗಣಿ ಮುಚ್ಚಿದಾಗ ಮನೆಯ ಜಗುಲಿಯ ಮೇಲೆ ಕೂತವರು, ಆಮೇಲೆ ಎದ್ದಿದ್ದು ಕಡಿಮೆ. ಚಿನ್ನ ತೆಗೆಯುವ ಖರ್ಚು ಚಿನ್ನಕ್ಕಿಂತ ಹೆಚ್ಚಾಯಿತು ಎಂದು ಅವರಿಗೆ ಹೇಳಿದ್ದರು. ನಿಜವೋ ಸುಳ್ಳೋ, ಅವರು ನಂಬಿದ್ದರು. ಭೂಮಿಯಲ್ಲಿ ಇದ್ದದ್ದು ಮುಗಿಯಿತು, ಯಾರನ್ನು ಬೈಯುವುದು ಎನ್ನುತ್ತಿದ್ದರು. ನನಗೆ ಆ ಸಮಾಧಾನವೂ ಇಲ್ಲ. ನನ್ನ ಹತ್ತಿರ ಏನು ಮುಗಿದಿತ್ತು? ಬೆರಳು ಇತ್ತು, ತಂತಿ ಇತ್ತು, ಮೋಟಾರು ಬೇಕೆನ್ನುವವರು ಇದ್ದರು.

ಹೋದ ವರ್ಷ ಶ್ರಾವಣದಲ್ಲಿ ಮೂವರು ಹುಡುಗಿಯರು ಬಂದರು. ಬಿಳಿ ಮೈ, ಸಣ್ಣ ಕಣ್ಣು, ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು. "ನಮ್ಮದೇ ಇನ್ನೊಂದು ಯೂನಿಟ್ಟಿನವರು, ಕೆಲಸ ನೋಡಿಕೊಂಡು ಹೋಗ್ತಾರೆ. ನಮ್ಮ ಅತಿಥಿಗಳು ಅಂತ ತಿಳ್ಕೊಳ್ಳಿ" ಎಂದು ಮ್ಯಾನೇಜರು ಹೇಳಿದರು. ನಾವು ಹಿಗ್ಗಿದೆವು. ಒಡೆಯರು ಹೊರದೇಶದಲ್ಲೂ ಕಾರ್ಖಾನೆ ಇಡುವಷ್ಟು ಬೆಳೆದರಲ್ಲ ಎಂದುಕೊಂಡೆವು. ಅತಿಥಿ ಅಂದ ಮೇಲೆ ಕೇಳಬೇಕೇ? ಅವರಲ್ಲಿ ಒಬ್ಬಳನ್ನು ನನ್ನ ಪಕ್ಕ ಕೂರಿಸಿದ್ದರು. ಮಧ್ಯಾಹ್ನ ನನ್ನ ಡಬ್ಬಿಯ ಮುದ್ದೆ ಸೊಪ್ಪಿನ ಸಾರು ಅವಳಿಗೂ ಕೊಡುತ್ತಿದ್ದೆ. ಅವಳು ಮುದ್ದೆಯನ್ನು ಅಗಿದಳು. ಅಗಿದು ಅಗಿದು ಹಲ್ಲಿಗೆಲ್ಲ ಅಂಟಿಸಿಕೊಂಡಳು. ನುಂಗಬೇಕು ಎಂದು ತೋರಿಸಲು ಹೋಗಿ ನಾವೆಲ್ಲ ನಕ್ಕು ನಕ್ಕು ಸುಸ್ತಾದೆವು. ವರಮಹಾಲಕ್ಷ್ಮಿ ಹಬ್ಬಕ್ಕೆ ಅವಳಿಗೂ ಅರಿಶಿನ ಕೊಟ್ಟು ಹಣೆಗೆ ಕುಂಕುಮ ಇಟ್ಟು, ತಾಂಬೂಲದ ಜೊತೆ ರವಿಕೆ ಕಣ ಇಟ್ಟೆ. ಭಾಷೆ ಬಾರದ ಕಾರಣ ನನ್ನ ಬೆರಳಿನ ಮೇಲೆ ಅವಳ ಬೆರಳಿಟ್ಟು ತಂತಿ ಬಿಡುವುದನ್ನು ಕಲಿಸಿದೆ. ಹೊರಡುವ ದಿನ ಅವಳು ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಪ್ರೀತಿ ಎಂದುಕೊಂಡು ನಾನೂ ಅತ್ತೆ. ಈಗ ನೆನೆದರೆ, ಅವಳಿಗೆ ವಿಷಯ ಗೊತ್ತಿತ್ತೇನೋ ಅನ್ನಿಸುತ್ತದೆ. ಮೂರ್ಖಳಂತೆ ಅವಳ ಕಣ್ಣೀರು ಒರೆಸಿದವಳು ನಾನು.

ಆಮೇಲೆ ಬಂತು ಆಯುಧಪೂಜೆ. ನಮ್ಮ ಕಾರ್ಖಾನೆಯಲ್ಲಿ ಅದೇ ದೊಡ್ಡ ಹಬ್ಬ. ಅವರವರ ಮಿಷನ್ನಿಗೆ ಅವರವರೇ ಪೂಜೆ ಮಾಡಬೇಕು, ಇನ್ನೊಬ್ಬರ ಕೈ ತಾಕುವ ಹಾಗಿಲ್ಲ. ಪೂಜೆಯಾದ ಮೇಲೆ ಮಿಷನ್ನು ರಜಕ್ಕೆ ಕೂರುತ್ತದೆ. ರಜ ಮುಗಿಸಿ ಬಂದ ದಿನ, ಪೂಜೆ ಮಾಡಿದವರೇ ಕರ್ಪೂರ ಬೆಳಗಿ, ಹೂವು ತೆಗೆದು, ಒಂದು ಸಲ ಕೈಯಿಂದ ತಿರುಗಿಸಿ ಕದಲಿಸುತ್ತಾರೆ. ಮನೆಯಲ್ಲಿ ಹಬ್ಬದ ಮಾರನೆಯ ದಿನ ಕಳಶ ಕದಲಿಸುವುದಿಲ್ಲವೇ, ಹಾಗೆಯೇ. ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಮೊಳೆಯೊಂದನ್ನೂ ಅಲುಗಿಸುವಂತಿಲ್ಲ.

ಪ್ರತಿವರ್ಷ ಹೂವಿನ ಖರ್ಚಿಗೂ ಮೂಗು ಮುರಿಯುತ್ತಿದ್ದ ಮ್ಯಾನೇಜರಿಗೆ ಆ ವರ್ಷ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿತು. ಹಬ್ಬಕ್ಕೆ ಒಂದು ವಾರ ಮೊದಲೇ ಎಲ್ಲರನ್ನೂ ಸೇರಿಸಿ, "ಈ ಸಲ ಪೂಜೆ ಜೋರಾಗಿ ಆಗಬೇಕು. ಮಿಷನ್ನು ಫಳಫಳ ಅನ್ನಬೇಕು" ಎಂದರು. ಹಳೆಯ ಎಣ್ಣೆಯನ್ನೆಲ್ಲ ಬಸಿಯಲು ಹೇಳಿದರು. ಬೋಳು ಕಬ್ಬಿಣ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ದಪ್ಪಗೆ ಗ್ರೀಸು ಬಳಿಯಲು ಹೇಳಿದರು. ನೆಲಕ್ಕೆ ಕೂರಿಸಿದ್ದ ಬೋಲ್ಟುಗಳಿಗೂ ಎಣ್ಣೆ ಬಿಡಿಸಿದರು. ನಾವು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದೇವರಿಗೆ ಎಣ್ಣೆ ಮಜ್ಜನ ಮಾಡಿಸುವಷ್ಟು ಶ್ರದ್ಧೆಯಿಂದ ಅದನ್ನೆಲ್ಲ ಮಾಡಿದೆವು. ಹಡಗಿನಲ್ಲಿ ಹೋಗುವ ಕಬ್ಬಿಣಕ್ಕೆ ಉಪ್ಪುಗಾಳಿ ತಾಕದಿರಲಿ ಎಂದು ಗ್ರೀಸು ಬಳಿಯುತ್ತಾರೆ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಪೂಜೆಗೆಂದು ತೊಳೆದ ಕೈ ಅಂಥದ್ದನ್ನು ಯೋಚಿಸುವುದಿಲ್ಲ.

ನನ್ನ ಪಕ್ಕದ ಮಿಷನ್ನಿನವಳು ಆಂಡರ್ಸನ್‌ಪೇಟೆಯವಳು. ಮನೆಯಲ್ಲಿ ತಮಿಳು, ನಮ್ಮೊಂದಿಗೆ ನಮ್ಮ ಹಾಗೆಯೇ ಕನ್ನಡ. ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಬಂದು ನನ್ನನ್ನು ಕಾದು, ಇಬ್ಬರೂ ಮಾತಾಡಿಕೊಂಡು ಕಾರ್ಖಾನೆಗೆ ನಡೆಯುತ್ತಿದ್ದೆವು. ಪೂಜೆಯ ದಿನ ಅವಳು ಒಂದು ಫಜೀತಿ ಕಂಡುಹಿಡಿದಳು. ಗ್ರೀಸಿನ ಮೇಲೆ ಅರಿಶಿನ ಕುಂಕುಮ ನಿಲ್ಲುತ್ತಿಲ್ಲ, ಜಾರುತ್ತಿದೆ. "ಅಕ್ಕಾ, ಅಮ್ಮನ್ಗೆ ಬೊಟ್ಟಿಕ್ಕಾಕೆ ಜಾಗಾನೇ ಇಲ್ವಲ್ಲಕ್ಕಾ" ಎಂದಳು. ನಾನು ಸೀರೆಯ ಸೆರಗಿನಿಂದಲೇ ಮಿಷನ್ನಿನ ಹಣೆಯ ಮೇಲೆ ಅಂಗೈಯಗಲ ಜಾಗವನ್ನು ಉಜ್ಜಿ ಉಜ್ಜಿ ಒರೆಸಿದೆ. ಅಲ್ಲಿ ಅರಿಶಿನ ಬಳಿದು ಕುಂಕುಮ ಇಟ್ಟೆ. ಮಿಕ್ಕವರೂ ಹಾಗೇ ಮಾಡಿದರು. ಮ್ಯಾನೇಜರು ಪಂಚೆ ಶಲ್ಯದಲ್ಲಿ ಬಂದು, ಬೂದುಗುಂಬಳಕಾಯಿ ಒಡೆಸಿ, ಒಬ್ಬೊಬ್ಬರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಸಿಹಿಯ ಡಬ್ಬಿಗಳೂ ಆ ಸಲ ದೊಡ್ಡವು. ದೇವರು ಒಡೆಯರನ್ನು ಚೆನ್ನಾಗಿಡಲಿ ಎಂದು ಹರಸಿಕೊಂಡೇ ನಾವು ಮನೆಗೆ ಹೋದೆವು.

ವಿಜಯದಶಮಿಯ ಮಾರನೆಯ ದಿನ, ರಜ ಇನ್ನೂ ಮುಗಿಯದಿರುವಾಗಲೇ, ಬೆಳಿಗ್ಗೆ ಫೋನು ಬಂತು. ಇವಳೇ, ಆಂಡರ್ಸನ್‌ಪೇಟೆಯ ಗೆಳತಿ. ನೆಂಟರ ಮನೆಯಿಂದ ವಾಪಸಾಗುವಾಗ ಕಾರ್ಖಾನೆಯ ಮುಂದೆ ಬಸ್ಸಿನಲ್ಲಿ ಬರುತ್ತಾ ನೋಡಿದ್ದಾಳೆ. "ಅಕ್ಕಾ, ಗೇಟ್ ತಗ್ದೈತೆ. ಉದ್ದುದ್ದ ಲಾರಿ ನಿಂತವೆ. ನಮ್ ಮಿಷನ್ನೆಲ್ಲ ಎತ್ತಾ ಅವ್ರೆ ಕಣಕ್ಕಾ, ಬಿರ್ನೆ ಬಾ" ಎಂದಳು. ನನಗೆ ಮೊದಲು ಹೊಳೆದದ್ದು ಕೆಲಸ ಹೋಯಿತು ಎಂದಲ್ಲ. "ಇನ್ನೂ ಕದಲಿಸಿಲ್ವಲ್ಲೇ! ಯಾರೇ ಮುಟ್ಟಿದ್ದು?" ಎಂದು ಕೂಗಿದೆ. ಗ್ರೀಸು ಯಾಕೆ ಬಳಿಸಿದರು ಎಂಬುದು ಬಸ್ಸಿನಲ್ಲಿ ಕೂತ ಮೇಲೆ ಅರ್ಥವಾಯಿತು. ಬೋಲ್ಟಿಗೆ ಎಣ್ಣೆ ಬಿಟ್ಟದ್ದು, ಹುಡುಗಿಯರು ಬಂದದ್ದು, ಎಲ್ಲ ಒಂದೊಂದಾಗಿ ಬಂದು ಎದೆಗೆ ಗುದ್ದಿದವು. ಮೋಸ ಮಾಡಬೇಕೆಂದರೆ ಸಾವಿರ ದಾರಿ ಇತ್ತು. ಹಬ್ಬದ ರಜದಲ್ಲಿ ಯಾರೂ ಒಳಗೆ ಬರುವುದಿಲ್ಲ ಎಂದು ನಮ್ಮ ಪೂಜೆಯನ್ನೇ ಹಿಡಿದುಕೊಂಡರಲ್ಲ, ಅದನ್ನು ನಾನು ಸಾಯುವವರೆಗೆ ಕ್ಷಮಿಸುವುದಿಲ್ಲ.

ನಾನು ಹೋಗುವಷ್ಟರಲ್ಲಿ ನಮ್ಮ ಸಾಲಿನ ಹೆಂಗಸರು ಹಲವರು ಸೇರಿದ್ದರು. ಆಚೆಯ ಸಾಲುಗಳು ಆಗಲೇ ಖಾಲಿ. ನೆಲದಲ್ಲಿ ಬೋಲ್ಟು ಕಿತ್ತ ಗುಂಡಿಗಳು, ಸುತ್ತ ಒಣಗಿದ ಸೇವಂತಿಗೆ. ನಮ್ಮ ಸಾಲು ಮಾತ್ರ ಉಳಿದಿತ್ತು. ಮರದ ಪೆಟ್ಟಿಗೆಗಳು ಬಾಯಿ ತೆರೆದುಕೊಂಡು ಪಕ್ಕದಲ್ಲೇ ಇದ್ದವು. ಮ್ಯಾನೇಜರು ನಮ್ಮನ್ನು ಕಂಡು ಬೆಚ್ಚಿದರೂ ದನಿ ಏರಿಸಲಿಲ್ಲ. "ನೋಡೀಮ್ಮಾ, ಇದು ನನ್ನ ಕೈಲಿಲ್ಲ. ಮೇಲಿನವರ ತೀರ್ಮಾನ. ನಿಮಗೆಲ್ಲ ಪತ್ರ ಬರುತ್ತೆ" ಎಂದರು. ಮೇಲಿನವರು ಎಂದರೆ ಯಾರು, ಅವರ ಮುಖ ಎಂಥದ್ದು, ನಾವು ಇವತ್ತಿನವರೆಗೆ ನೋಡಿಲ್ಲ.

ಆಗ ನನ್ನ ಗೆಳತಿ ನಾನು ಎಣಿಸದ ಕೆಲಸ ಮಾಡಿದಳು. ಮ್ಯಾನೇಜರನ್ನು ಬಿಟ್ಟು ಲಾರಿಯ ಕಡೆ ಓಡಿದಳು. ಡ್ರೈವರು ತಮಿಳುನಾಡಿನ ಹಿರಿಯ ಮನುಷ್ಯ. ಅವನ ಲಾರಿಗೂ ಹಬ್ಬದ ಹಾರ, ಬಾಳೆಕಂದು ಇನ್ನೂ ಕಟ್ಟಿದ್ದವು. "ಪೂಜೆ ಇನ್ನುಂ ಮುಡಿಯಲೆ ಅಣ್ಣಾ, ತೊಡಾದೀಂಗ!" ಎಂದು ಅವಳು ಕೂಗಿದಳು, ಪೂಜೆ ಮುಗಿದಿಲ್ಲ, ಮುಟ್ಟಬೇಡಿ ಎಂದು. ಅವನು ಇಳಿದು ಒಳಗೆ ಬಂದ. ಮಿಷನ್ನುಗಳ ಹಣೆಯ ಕುಂಕುಮ ನೋಡಿದ. ಚಪ್ಪಲಿ ಬಿಟ್ಟು ಕೈ ಮುಗಿದ. ಆಮೇಲೆ ಮ್ಯಾನೇಜರಿಗೆ, "ಸಾರ್, ಪೂಜೆ ಎತ್ತದಿರೋ ಸಾಮಾನು ನಾನು ಏರ್ಸಲ್ಲ. ಘಾಟಿ ಇಳೀಬೇಕು ನಾನು" ಎಂದ. ಮಿಷನ್ನು ಎತ್ತಲು ಬಂದಿದ್ದ ಆಳುಗಳೂ ಕೈ ಕಟ್ಟಿ ನಿಂತರು. ನಮ್ಮ ಬಾಯಿಯಿಂದ ಆಗದ ಕೆಲಸ ಕುಂಕುಮದಿಂದ ಆಯಿತು. ನಾವು ನಮ್ಮ ನಮ್ಮ ಮಿಷನ್ನಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತೆವು. ಕದಲಿಸುವವರು ನಾವು, ನಾವು ಕದಲಿಸುವುದಿಲ್ಲ. ಮಿಷನ್ನು ಇಲ್ಲೇ ಇದ್ದರೆ ಕೆಲಸವೂ ಇಲ್ಲೇ ಇರುತ್ತದೆ ಎಂದು ಅವತ್ತು ನಾನು ಮನಸಾರೆ ನಂಬಿದ್ದೆ.

ಮ್ಯಾನೇಜರು ಬುದ್ಧಿವಂತರು. ಪೊಲೀಸರನ್ನು ಕರೆಯಲಿಲ್ಲ, ಪುರೋಹಿತರನ್ನು ಕರೆಸಿದರು. ಅವರು ಸ್ಕೂಟರಿನಲ್ಲಿ ಬಂದು, ಮುಖ ಒರೆಸಿಕೊಂಡು, ಎಲ್ಲರ ಮಾತನ್ನೂ ಕೇಳಿದರು. "ಪೂಜೆ ಮಾಡಿದವರೇ ಕದಲಿಸೋದು ಪದ್ಧತಿ. ಅವರು ಒಪ್ಪದಿದ್ರೆ ಯಜಮಾನರು ಸಂಕಲ್ಪ ಮಾಡಿದ್ರೂ ನಡೆಯುತ್ತೆ" ಎಂದರು. ಡ್ರೈವರು ಒಪ್ಪಲಿಲ್ಲ. "ಆ ಅಮ್ಮಗಳೇ ಮಾಡ್ಲಿ ಸಾಮಿ" ಎಂದು ಬೀಡಿ ಹಚ್ಚಿಕೊಂಡು ಲಾರಿಯ ನೆರಳಲ್ಲಿ ಕೂತ.

ಆಗ ಮ್ಯಾನೇಜರು ನಮ್ಮ ಮಧ್ಯೆ ಬಂದು ಮಂಡಿಯೂರಿದರು. ಮಿಷನ್ನೆಲ್ಲ ವಿಯೆಟ್ನಾಂಗೆ ಹೋಗುತ್ತದೆ, ಈ ಶೆಡ್ಡು ಗೋಡೌನಾಗುತ್ತದೆ, ಅಲ್ಲಿಂದ ಬರುವ ಮೋಟಾರುಗಳಿಗೆ ಚೀಟಿ ಅಂಟಿಸಲು, ಡಬ್ಬಕ್ಕೆ ತುಂಬಲು ಜನ ಬೇಕು, ಇವತ್ತು ಯಾರು ಸಹಕರಿಸುತ್ತಾರೋ ಅವರಿಗೇ ಮೊದಲು ಕೆಲಸ ಎಂದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಸಾಲಿನ ತುದಿಯಲ್ಲಿದ್ದವಳು ಎದ್ದು ಕರ್ಪೂರ ಹಚ್ಚಿದಳು. ಅವಳ ಹಿಂದೆ ಇನ್ನೊಬ್ಬಳು. ಪುರೋಹಿತರು ಗಂಟೆ ಬಾರಿಸುತ್ತಾ ಹೋದರು. ಹೆಂಗಸರು ಆರತಿ ಬೆಳಗಿ, ಹೂವು ತೆಗೆದು ಕಣ್ಣಿಗೊತ್ತಿಕೊಂಡು, ಮಿಷನ್ನನ್ನು ಒಂದು ಸುತ್ತು ತಿರುಗಿಸಿ ಬಿಕ್ಕುತ್ತಾ ಆಚೆ ಬಂದರು.

ನನ್ನ ಗೆಳತಿಯೂ ಎದ್ದಳು. ನಾನು ಅವಳ ಕೈ ಹಿಡಿದೆಳೆದೆ. "ನೀನೇ ತಾನೆ ನಿಲ್ಲಿಸ್ದೋಳು! ಈಗೇನೇ ಬಂತು ನಿಂಗೆ?" ಎಂದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಹಾಗೇ ನಿಂತು ಹೇಳಿದಳು. "ಅಕ್ಕಾ, ನಾ ಮಾಡ್ದೆ ಓದ್ರೆ ಆ ಮ್ಯಾನೇಜ್ರೇ ಮಾಡ್ತಾನೆ. ಓಗೋದು ಓಗ್ತೈತೆ. ನನ್ ಕೈಯಾಗೇ ಓಗ್ಲಿ ಬುಡು." ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವತ್ತು ನನಗೆ ಅವಳ ಮೇಲೆ ಬಂದ ಸಿಟ್ಟು ಮ್ಯಾನೇಜರ ಮೇಲೂ ಬಂದಿರಲಿಲ್ಲ.

ಕೊನೆಗೆ ನನ್ನದೊಂದೇ ಉಳಿಯಿತು. ಪುರೋಹಿತರು ಗಂಟೆ ಕೆಳಗಿಟ್ಟು ಕಾದರು. ಮ್ಯಾನೇಜರು ಮೊದಲು ಬೇಡಿದರು. ಆಮೇಲೆ ಆಸೆ ತೋರಿಸಿದರು, ಆ ದೇಶಕ್ಕೆ ಕೆಲಸ ಕಲಿಸಲು ಕಳಿಸುತ್ತೇವೆ, ವಿಮಾನದಲ್ಲಿ ಹೋಗಿ ಬಾ ಎಂದರು. ಕಲಿಸಿದ್ದು ಸಾಲದೇನೋ! "ಸಾರ್, ಈ ಮಿಷನ್ನು ಇಲ್ಲೇ ಬುಟ್ಟೋಗಿ. ನಾನು ಇಲ್ಲೇ ಕೂತು ಸುತ್ತಿಕೊಡ್ತೀನಿ. ನಿಮ್ಗೆ ಬೇಕಾಗಿರೋದು ಕಾಯಿಲ್ ತಾನೆ?" ಎಂದೆ. ಹುಚ್ಚಿಯ ಹಾಗೆ ಕಂಡಿರಬೇಕು. ಅವರ ಮುಖದಲ್ಲಿದ್ದ ವಿನಯ ಅಲ್ಲಿಗೆ ಮುಗಿಯಿತು. ಗಡಿಯಾರ ನೋಡಿಕೊಂಡರು. ನನ್ನನ್ನು ದಾಟಿ ಬಂದು, ಮಿಷನ್ನಿನ ಮೇಲಿದ್ದ ಹೂವನ್ನು ಎಡಗೈಯಿಂದ ನೆಲಕ್ಕೆ ತಳ್ಳಿದರು. "ಆಯ್ತು. ಕದಲಿಸಾಯ್ತು" ಎಂದರು. ನಾನು ಒರೆಸಿದ್ದ ಅಂಗೈಯಗಲದ ಜಾಗ ಅವರ ಕಣ್ಣಿಗೆ ಬಿತ್ತು. ಅಲ್ಲಿ ಗ್ರೀಸು ಹಚ್ಚು ಎಂದು ಆಳಿಗೆ ಹೇಳಿದರು. ಅವನು ಅಲುಗಲಿಲ್ಲ. ಆಗ ತಾವೇ ಡಬ್ಬಕ್ಕೆ ಕೈ ಹಾಕಿ, ನನ್ನ ಕುಂಕುಮದ ಮೇಲೆ ಗ್ರೀಸು ಮೆತ್ತಿದರು. ಕೆಂಪು ಕಪ್ಪು ಕಲಸಿಹೋಯಿತು. ಕೈ ಒರೆಸಿಕೊಳ್ಳಲು ಬಟ್ಟೆ ಕೇಳಿದರು. ಯಾರೂ ಕೊಡಲಿಲ್ಲ.

ಡ್ರೈವರಿಗೆ ಅವನ ಒಡೆಯನಿಂದ ಫೋನು ಬಂತು. ಬೈಗುಳ ನಮಗೂ ಕೇಳಿಸುವಷ್ಟಿತ್ತು. ಅವನು ತಲೆ ತಗ್ಗಿಸಿ, ಏರಿಸಿ ಎಂದು ಆಳುಗಳಿಗೆ ಕೈಸನ್ನೆ ಮಾಡಿದ. ಲಾರಿ ಹತ್ತುವ ಮೊದಲು ಅವನು ನನ್ನ ಹತ್ತಿರ ಬಂದು, "ನಾನೂ ಕೂಲಿಯೋನೇಮ್ಮಾ" ಎಂದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಮಿಷನ್ನಿನ ಬುಡದಲ್ಲಿ ಬಿದ್ದಿದ್ದ ಪೂಜೆಯ ನಿಂಬೆಹಣ್ಣನ್ನು ಅವನ ಕೈಗಿಟ್ಟೆ. ನನ್ನ ಮಿಷನ್ನು ಪೆಟ್ಟಿಗೆಯೊಳಗೆ ಹೋಗಿ, ಪೆಟ್ಟಿಗೆ ಲಾರಿಯ ಮೇಲೆ ಹೋಗಿ, ಲಾರಿ ಚೆನ್ನೈ ಬಂದರಿನ ದಾರಿ ಹಿಡಿಯಿತು.

ಈಗ ನಾನು ಟೊಮೇಟೊ ಆರಿಸುವ ಕೂಲಿಗೆ ಹೋಗುತ್ತೇನೆ. ದಪ್ಪದ್ದು ಒಂದು ಕ್ರೇಟಿಗೆ, ಸಣ್ಣದ್ದು ಇನ್ನೊಂದಕ್ಕೆ. ಯಾರ ಕೊರಳಲ್ಲೂ ಕಾರ್ಡಿಲ್ಲ, ಎಲ್ಲರ ಹೆಸರೂ "ಏ ಅಮ್ಮಾ". ಹೆಬ್ಬೆರಳ ಜಡ್ಡು ಮೆತ್ತಗಾಗುತ್ತಾ ಬಂದಿದೆ. ಮಧ್ಯೆ ಒಂದು ದಿನ ನಮ್ಮ ಊರಿನ ಸಮುದಾಯ ಭವನದಲ್ಲಿ ಕೆಲಸ ಕಳೆದುಕೊಂಡ ಹೆಂಗಸರಿಗೆಂದು ಕೌಶಲ ತರಬೇತಿ ನಡೆಸಿದರು. ಫಿನಾಯಿಲು ಮಾಡುವುದನ್ನು ಕಲಿಸಿದರು. ಕಲಿಸಲು ಬಂದವಳು ನನ್ನನ್ನು ನೋಡಿ, "ಮೊದಲು ಏನಾದ್ರೂ ಕೆಲಸ ಬರ್ತಿತ್ತಾ ನಿಮಗೆ?" ಎಂದು ಕೇಳಿದಳು. ನಾನು ಎದ್ದು ಮನೆಗೆ ಬಂದೆ.

ಗೆಳತಿ ಗೋಡೌನಿನಲ್ಲಿ ಚೀಟಿ ಅಂಟಿಸುತ್ತಾಳೆ. ಎಷ್ಟೋ ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಸಂತೆಯಲ್ಲಿ ಸಿಕ್ಕಳು. "ನಮ್ ಮೋಟ್ರೇ ಬತ್ತವೆ ಅಕ್ಕಾ. ಡಬ್ಬದ ಮ್ಯಾಲೆ ಊರಿನ್ ಎಸ್ರು ಮಾತ್ರ ಬ್ಯಾರೆ. ನೀನೂ ಬಾ, ಅವ್ರಿಗೆ ಏಳಿ ಸೇರಿಸ್ತೀನಿ" ಎಂದಳು. ನಾನು ಹೋಗಲಿಲ್ಲ. ನನ್ನ ಮಿಷನ್ನಿದ್ದ ಜಾಗದಲ್ಲಿ ಕೂತು, ನನ್ನ ಮಿಷನ್ನಿನಿಂದಲೇ ಬಂದ ಮೋಟಾರಿಗೆ ಬೇರೆ ದೇಶದ ಚೀಟಿ ಅಂಟಿಸುವಷ್ಟು ನಾನಿನ್ನೂ ಸಾಧುವಾಗಿಲ್ಲ. ಗ್ರೀಸು ಮೆತ್ತುವ ಮೊದಲು ಆ ಅಂಗೈಯಗಲದ ಜಾಗಕ್ಕೆ ಒಂದಿಷ್ಟು ಗಾಳಿ ತಾಗಿರಲಿ, ಅಲ್ಲಿ ತುಕ್ಕು ಹಿಡಿದಿರಲಿ, ಎಷ್ಟು ಉಜ್ಜಿದರೂ ಹೋಗದಿರಲಿ ಎಂದು ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುತ್ತೇನೆ. ಪಕ್ಕ ಕೂತು ಕಲಿತ ಆ ಹುಡುಗಿ ಅದರ ಮುಂದೆ ಕೂತಿದ್ದರೆ, ಕೆಂಪಗಿರುವುದು ಏನೆಂದು ಅವಳಿಗೆ ಗೊತ್ತಾಗುತ್ತದೆ. ನಾನೇ ಅವಳ ಹಣೆಗೆ ಇಟ್ಟಿದ್ದೆನಲ್ಲ.

ಈ ವರ್ಷವೂ ಆಯುಧಪೂಜೆ ಬಂತು. ನಮ್ಮ ಮನೆಯವರು ಗಾರೆ ಕೆಲಸದವರು. ಹಿಂದಿನ ದಿನವೇ ಕರಣೆ, ಮಟ್ಟಗೋಲು, ತೂಕದ ಗುಂಡು ಎಲ್ಲ ತೊಳೆದು ದೇವರ ಮುಂದೆ ಜೋಡಿಸಿದರು. ಕುಡುಗೋಲು, ಈಳಿಗೆಮಣೆ, ಮಿಕ್ಸಿ ಬಂದು ಕೂತವು. ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟರು. ಕರ್ಪೂರ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದರು.

"ನಿಂದೇನಿಕ್ಲಿ?"

"ಏನೂ ಬ್ಯಾಡ" ಎಂದೆ. "ನಂದು ಓದ್ ವರ್ಸದ್ದೇ ಇನ್ನೂ ಕದಲಿಸಿಲ್ಲ."